ಕಡಲೆಕಾಯಿ ಗಿಡದಲ್ಲಿ ದನಗಳ ಲಸಿಕೆ



ನಾನು ಪಶುವೈದ್ಯನಾಗಿ ಕೆಲಸ ಮಾಡಿದವನು. ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ, ನಮ್ಮ ಕೊಟ್ಟಿಗೆಗೂ ಹೊಲಕ್ಕೂ ಸೇರಿದ ವಿಷಯವನ್ನೇ ಆರಿಸಿಕೊಂಡೆ.

ಇಲ್ಲಿರುವ ಹಿರಿಯರಿಗೆ ದೊಡ್ಡರೋಗದ ನೆನಪಿರಬಹುದು. ನಮ್ಮ ಪುಸ್ತಕಗಳಲ್ಲಿ ಅದರ ಹೆಸರು ರಿಂಡರ್‌ಪೆಸ್ಟ್. ವೈರಸ್‌ನಿಂದ ಬರುತ್ತಿದ್ದ ಕಾಯಿಲೆ. ಜ್ವರ, ಬಾಯಿಹುಣ್ಣು, ಭೇದಿ; ಒಂದು ದನಕ್ಕೆ ತಗುಲಿದರೆ ಊರಿನ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ಲಸಿಕೆ ಇತ್ತು, ಒಳ್ಳೆಯದೇ ಇತ್ತು. ಆದರೆ ತಯಾರಾದ ಗಳಿಗೆಯಿಂದ ದನಕ್ಕೆ ಚುಚ್ಚುವವರೆಗೂ ಅದನ್ನು ತಂಪಿನಲ್ಲಿಡಬೇಕು. ಐಸ್ ಪೆಟ್ಟಿಗೆ ಹೊತ್ತು ಬಿಸಿಲಲ್ಲಿ ಹಳ್ಳಿ ಸುತ್ತಿದವರಿಗೆ ಆ ಕಷ್ಟ ಗೊತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೊಂದು ಬೇರೆಯೇ ದಾರಿ ಹುಡುಕಿದರು. ಗಿಡಗಳ ಮೇಲೆ ಕೆಲಸ ಮಾಡಿದ ಪ್ರೊ. ಜಿ. ಲಕ್ಷ್ಮೀಸೀತಾ, ವೈರಸ್‌ಗಳ ಮೇಲೆ ಕೆಲಸ ಮಾಡಿದ ಪ್ರೊ. ಎಂ. ಎಸ್. ಶೈಲಾ ಇವರ ತಂಡ ಆ ವೈರಸ್‌ನ ಹೊರಮೈಯ ಒಂದು ಪ್ರೋಟೀನಿನ ಜೀನನ್ನು ಕಡಲೆಕಾಯಿ ಗಿಡಕ್ಕೆ ಸೇರಿಸಿತು. ಮಕ್ಕಳೇ, ಗಮನಿಸಿ: ಇಡೀ ವೈರಸ್ ಅಲ್ಲ, ಅದರ ಒಂದು ತುಣುಕು ಮಾತ್ರ. ಆದ್ದರಿಂದ ಎಲೆ ತಿಂದ ದನಕ್ಕೆ ರೋಗ ಬರುವುದಿಲ್ಲ. ಶತ್ರುವಿನ ಗುರುತು ಮಾತ್ರ ಸಿಗುತ್ತದೆ. ಆ ಎಲೆಗಳನ್ನು ತಿನ್ನಿಸಿದ ದನಗಳ ರಕ್ತದಲ್ಲಿ ವೈರಸ್‌ಗೆ ಎದುರಾದ ಪ್ರತಿಕಾಯಗಳು ಕಂಡವು. 2003ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಸೂಜಿ ಬೇಡ, ಮೇವೇ ಲಸಿಕೆ!

ಆ ಮೇವು ನಮ್ಮ ಕೊಟ್ಟಿಗೆಗೆ ಬರಲಿಲ್ಲ. ಅಷ್ಟರಲ್ಲಿ ಹಳೆಯ ಚುಚ್ಚುಮದ್ದೇ ಗೆದ್ದಿತ್ತು. ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಸಾರಿದರು.

ಗಿಡದಲ್ಲಿ ಮದ್ದು ಬೆಳೆಯುವ ವಿದ್ಯೆ ಮಾತ್ರ ನಿಲ್ಲಲಿಲ್ಲ. ಕೆಂಪು ಪಾಚಿಯೊಂದರಲ್ಲಿ ಗ್ರಿಫಿತ್ಸಿನ್ ಎಂಬ ಪ್ರೋಟೀನಿದೆ. ಅದು ಎಚ್‌ಐವಿ ವೈರಸ್ಸು ಜೀವಕೋಶದೊಳಗೆ ನುಗ್ಗದಂತೆ ತಡೆಯುತ್ತದೆ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು 5,000 ಚದರ ಅಡಿಯ ಒಂದೇ ಹಸಿರುಮನೆಯಲ್ಲಿ, ತಂಬಾಕಿನ ಜಾತಿಯ ಗಿಡಗಳಿಂದ, 60 ಗ್ರಾಂಗೂ ಹೆಚ್ಚು ಶುದ್ಧ ಗ್ರಿಫಿತ್ಸಿನ್ ತೆಗೆದರು. 2018ರಲ್ಲಿ ಸ್ಪೇನಿನವರು ಅದರ ಜೊತೆ ಇನ್ನೆರಡು ಪ್ರೋಟೀನುಗಳನ್ನು ಅಕ್ಕಿಯ ಕಾಳಿನಲ್ಲೇ ಬೆಳೆದರು. ಬೆಳೆಯುವುದು ಅಗ್ಗ, ಶುದ್ಧೀಕರಿಸುವುದೇ ದುಬಾರಿ. ಅಕ್ಕಿಯ ರಸವನ್ನೇ ಬಳಸಬಹುದಾದರೆ ಬಡದೇಶಗಳ ಹೆಂಗಸರಿಗೂ ಈ ಮದ್ದು ಎಟುಕೀತು ಎಂಬುದು ಅವರ ಲೆಕ್ಕ.

ರಾಮನಾಥಪುರದ ಹರಾಜು ಕಟ್ಟೆಗೆ ತಂಬಾಕು ಹೊರುವ ನಮ್ಮವರು ಕೇಳಬಹುದು: ಹಾಗಾದರೆ ನಾವೂ ಮದ್ದಿನ ತಂಬಾಕು ಹಾಕೋಣವೇ? ಅಂಥ ಆಸೆ ಹುಟ್ಟಿಸಲು ನಾನು ಬಂದಿಲ್ಲ. ಅವರು ಬಳಸಿದ್ದು ನಮ್ಮ ಹೊಗೆಸೊಪ್ಪಿನ ದಾಯಾದಿ ಗಿಡ. ಬೆಳೆದದ್ದು ಮುಚ್ಚಿದ ಮನೆಯೊಳಗೆ. ಅದೇ ಸರಿ ಎನ್ನುವವನು ನಾನು. ಮದ್ದಿನ ಭತ್ತ ಪಕ್ಕದ ಗದ್ದೆಯ ಊಟದ ಭತ್ತಕ್ಕೆ ಬೆರೆತರೆ ಹೊಣೆ ಯಾರು? ಕುಲಾಂತರಿ ಬೆಳೆಗಳಲ್ಲಿ ನಮ್ಮ ರೈತರಿಗೆ ಇದುವರೆಗೆ ದಕ್ಕಿದ್ದು 2002ರಲ್ಲಿ ಬಂದ ಬಿಟಿ ಹತ್ತಿ ಒಂದೇ. ಬಿಟಿ ಬದನೆಯನ್ನು 2010ರಲ್ಲಿ ತಡೆಹಿಡಿದರು. ತಿನ್ನುವ ಬೆಳೆಯ ವಿಷಯದಲ್ಲಿ ಜನ ಅಂಜುವುದು ಸಹಜ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ವಿಜ್ಞಾನಿಗಳನ್ನು ನಾನು ಒಪ್ಪುವುದಿಲ್ಲ.

ಆದರೂ ಈ ಕೆಲಸ ಮುಂದುವರಿಯಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಏನಾಯಿತೆಂದು ನೀವೇ ಕಂಡಿದ್ದೀರಿ. ದನಗಳ ಜಾತ್ರೆಗಳೇ ನಿಂತವು. ಅದಕ್ಕೂ ವೈರಸ್ಸೇ ಕಾರಣ, ಅದರ ಲಸಿಕೆಯೂ ಬಂದದ್ದು ಐಸ್ ಪೆಟ್ಟಿಗೆಯಲ್ಲೇ. ಕಡಲೆಗಿಡದ ಆ ಪ್ರಯೋಗವನ್ನು ಇಂಥ ರೋಗಕ್ಕೆ ಮತ್ತೆ ಕೈಗೆತ್ತಿಕೊಳ್ಳುವವರು ಈ ಬೆಂಚುಗಳಲ್ಲಿ ಯಾರಾದರೂ ಇದ್ದರೆ, ಸಮಾರಂಭ ಮುಗಿದ ಮೇಲೆ ನನ್ನನ್ನು ಬಂದು ಕಾಣಿ.