ನೇಣಿನ ಹಗ್ಗವೂ ಬಡವರ ನ್ಯಾಯವೂ

(ನೇಸರಗಿಯ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯ 'ಫಾಶಿ ಶಿಕ್ಷೆ ಮತ್ತು ನ್ಯಾಯ'. ಇದು ವಕೀಲರ ವಿಷಯ, ಗಿರಣಿಯಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟುಕೊಂಡವರಿಗೂ ಇದರಿಂದ ಏನಾಗಬೇಕಾಗಿದೆ ಎಂದು ಯಾರಾದರೂ ಕೇಳಬಹುದು. ಗಲ್ಲುಗಂಬದ ವರೆಗೆ ನಡೆದುಹೋದವರ ಪಟ್ಟಿಯನ್ನು ತೆಗೆದು ನೋಡಿದರೆ ಅದರಲ್ಲಿ ಸಾವುಕಾರರು ಎಷ್ಟು, ಕೂಲಿಕಾರರು ಎಷ್ಟು ಎಂಬುದು ತಾನೇ ತಿಳಿಯುತ್ತದೆ. ಆದ್ದರಿಂದ ಇದು ಮೊದಲು ನಮ್ಮ ವಿಷಯ, ಆಮೇಲೆ ವಕೀಲರದು.

ಈ ಸೀಮೆಗೆ ಗಲ್ಲು ಹೊಸದಲ್ಲ. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕಿನದೇ ಊರು. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಆ ಮೇಲೆ ರಾಯಣ್ಣ ಜನರನ್ನು ಕೂಡಿಸಿಕೊಂಡು ಕಂಪನಿ ಸರಕಾರದ ಕಚೇರಿಗಳಿಗೆ ಬೆಂಕಿ ಇಟ್ಟ. ಆ ಕಚೇರಿಗಳಲ್ಲಿ ಇದ್ದದ್ದು ಏನು? ರೈತನ ಭೂಮಿಯ ದಫ್ತರ, ಕಂದಾಯದ ಲೆಕ್ಕ. 1830ರಲ್ಲಿ ಅವನನ್ನು ಮೋಸದಿಂದ ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೆ ಹಾಕಿದರು. ವಿಚಾರಣೆ ಆಗಲಿಲ್ಲವೆಂದಲ್ಲ, ಆಯಿತು. ಆದರೆ ಫಿರ್ಯಾದಿ ಕಂಪನಿ, ಹಿಡಿದವರು ಕಂಪನಿಯವರು, ನ್ಯಾಯಾಸನದ ಮೇಲೆ ಕುಳಿತವರೂ ಕಂಪನಿಯವರೇ!

1857ರಲ್ಲಿ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದರು; ಅವರಲ್ಲಿ 19 ಜನರನ್ನು ಗಲ್ಲಿಗೆ ಏರಿಸಿದರು. ಮರುವರ್ಷ ಜೂನ್ 12ರಂದು ನರಗುಂದದ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಫಾಶಿಯಾಯಿತು. ರಾಜನಾಗಲಿ ಬೇಡನಾಗಲಿ, ಆಳುವವರಿಗೆ ಎದುರು ನಿಂತವನಿಗೆ ಒಂದೇ ಹಗ್ಗ. ಅಂದು ಗಲ್ಲು ಅಪರಾಧಕ್ಕೆ ಕೊಟ್ಟ ಉತ್ತರಕ್ಕಿಂತ ಹೆಚ್ಚಾಗಿ ಊರಿಗೆ ತೋರಿಸಿದ ಹೆದರಿಕೆಯಾಗಿತ್ತು.

ರಾಯಣ್ಣನನ್ನು ನೇಣಿಗೆ ಹಾಕಿದ ಅದೇ ಜನವರಿ 26ರಂದು, 1950ರಲ್ಲಿ, ನಮ್ಮ ಸಂವಿಧಾನ ಜಾರಿಗೆ ಬಂತು. ಕಾಯದೆ ಗೊತ್ತುಪಡಿಸಿದ ಕ್ರಮದ ಹೊರತು ಯಾರ ಪ್ರಾಣವನ್ನೂ ತೆಗೆಯಕೂಡದೆಂದು ಅದರ 21ನೆಯ ಕಲಮು ಹೇಳುತ್ತದೆ. ಆದರೆ ಗಲ್ಲುಗಂಬ ಉಳಿಯಿತು. 1955ರ ವರೆಗಿನ ಕಾಯದೆ ಹೇಗಿತ್ತೆಂದರೆ, ಕೊಲೆಗೆ ಫಾಶಿ ಕೊಡದೆ ಬಿಟ್ಟರೆ ಏಕೆ ಬಿಟ್ಟೆನೆಂದು ನ್ಯಾಯಾಧೀಶ ಕಾರಣ ಬರೆಯಬೇಕಿತ್ತು. 1973ರ ಕಾಯದೆ ಅದನ್ನು ತಿರುವಿ ಹಾಕಿತು: ಫಾಶಿ ಕೊಡುವುದಾದರೆ ವಿಶೇಷ ಕಾರಣ ಬರೆಯಬೇಕು. 1980ರಲ್ಲಿ ಬಚನ್ ಸಿಂಗ್ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದಿತು. ಮಾತೇನೋ ಒಳ್ಳೆಯದು. ಆದರೆ ಅಪರೂಪ ಯಾವುದು ಎಂದು ತೂಗುವ ತಕ್ಕಡಿ ಎಲ್ಲ ಕಡೆಗೂ ಒಂದೇ ಇದೆಯೇ?

ನಮ್ಮ ಬೆಳಗಾವಿಯ ಹಿಂಡಲಗಾ ತುರಂಗವನ್ನೇ ನೋಡಿರಿ. ಫಾಶಿಯ ಕೈದಿಗಳನ್ನು ನಾಡಿನ ಮೂಲೆ ಮೂಲೆಯಿಂದ ತಂದಿಟ್ಟದ್ದು ಇಲ್ಲಿಯೇ. ಅಲ್ಲಿ ಕೊನೆಯ ಬಾರಿ ನೇಣು ಹಾಕಿದ್ದು 1983ರಲ್ಲಿ. 1993ರ ಏಪ್ರಿಲ್ 9ರಂದು ಪಾಲಾರಿನ ಹತ್ತಿರ ವೀರಪ್ಪನ್ ತಂಡದ ನೆಲಬಾಂಬಿಗೆ 22 ಜನ ಸತ್ತರು. ಘೋರ ಕೃತ್ಯವೇ ಸರಿ. 2001ರಲ್ಲಿ ಮೈಸೂರಿನ ವಿಶೇಷ ಕೋರ್ಟು ನಾಲ್ವರಿಗೆ ಜನ್ಮಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಫಾಶಿಗೆ ಏರಿಸಿತು. ದಯೆಯ ಅರ್ಜಿ ದಿಲ್ಲಿಯ ಕಪಾಟಿನಲ್ಲಿ ಕುಳಿತು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಇಷ್ಟು ವರ್ಷ ಕಾಯಿಸಿದ್ದೇ ಕ್ರೌರ್ಯವೆಂದು ಮತ್ತೆ ಜನ್ಮಾವಧಿಗೆ ಇಳಿಸಿತು. ಒಂದೇ ಕೃತ್ಯ, ಅದೇ ನಾಲ್ಕು ಮನುಷ್ಯರು. ಮೂರು ಸಲ ತೂಗಿದರು, ಎರಡು ತೂಕ ಬಂತು. ಅಂಗಡಿಯಲ್ಲಿ ಇಂಥ ತಕ್ಕಡಿ ಇಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಅದೇ ತುರಂಗದಲ್ಲಿ ಬಿ. ಎ. ಉಮೇಶ ಎಂಬ ಕೈದಿಯನ್ನು 2006ರಿಂದ 2016ರ ವರೆಗೆ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಅವನು ಮಾಡಿದ್ದು ಅತ್ಯಾಚಾರ ಮತ್ತು ಕೊಲೆ. ಅವನನ್ನು ಹೊಗಳುವವನು ನಾನಲ್ಲ. ಆದರೆ ಕಾಯದೆಯಲ್ಲಿ ಇಲ್ಲದ ಶಿಕ್ಷೆಯನ್ನು ತುರಂಗದವರು ಹತ್ತು ವರ್ಷ ಕೊಟ್ಟದ್ದು ತಪ್ಪೆಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲನ್ನು ತೆಗೆದು, ಕಡಿಮೆ ಎಂದರೆ 30 ವರ್ಷದ ಸೆರೆಯನ್ನು ವಿಧಿಸಿತು. ಸರಕಾರವೂ ಕಾಯದೆಗೆ ಒಳಪಟ್ಟದ್ದು ಎಂಬುದನ್ನು ಇಂಥವನ ಖಟ್ಲೆಯಲ್ಲಿಯೇ ಪರೀಕ್ಷಿಸಬೇಕಾಗುತ್ತದೆ. ಒಳ್ಳೆಯವರಿಗೆ ಮಾತ್ರ ಕಾಯದೆ ಪಾಲಿಸುತ್ತೇವೆ ಎಂದರೆ, ಒಳ್ಳೆಯವರು ಯಾರೆಂದು ನಾಳೆ ಫೌಜದಾರನೇ ತೀರ್ಮಾನಿಸುತ್ತಾನೆ.

ಇನ್ನು ಎಲ್ಲಕ್ಕಿಂತ ಭಯಂಕರವಾದ ಮಾತು. ನೆರೆಯ ಮಹಾರಾಷ್ಟ್ರದಲ್ಲಿ 2003ರಲ್ಲಿ ನಡೆದ ಒಂದು ಕೊಲೆ, ಅತ್ಯಾಚಾರದ ಖಟ್ಲೆಯಲ್ಲಿ ಅಲೆಮಾರಿ ಬುಡಕಟ್ಟಿನ ಆರು ಜನ ಬಡವರನ್ನು ಹಿಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಆರೂ ಜನರಿಗೆ ಫಾಶಿಯೇ ಸರಿ ಎಂದಿತು. 2019ರ ಮಾರ್ಚಿನಲ್ಲಿ ಅದೇ ಕೋರ್ಟು ಖಟ್ಲೆಯನ್ನು ಮತ್ತೆ ತೆರೆದು, ಆರೂ ಜನ ನಿರ್ದೋಷಿಗಳೆಂದು ಬಿಟ್ಟಿತು! ಕಣ್ಣಾರೆ ಕಂಡ ಸಾಕ್ಷಿ ಪೋಲೀಸರ ಬಳಿಯ ಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದರೂ ತನಿಖೆ ಅತ್ತ ಹೋಗಲೇ ಇಲ್ಲ. ಹದಿನಾರು ವರ್ಷದ ಸೆರೆಗೆ ತಲೆಗೆ ಐದು ಲಕ್ಷ ರೂಪಾಯಿ ಪರಿಹಾರ. ನಡುವೆ ಹಗ್ಗ ಎಳೆದುಬಿಟ್ಟಿದ್ದರೆ ಆ ರೂಪಾಯಿಗಳನ್ನು ಯಾರ ಕೈಗೆ ಕೊಡುತ್ತಿದ್ದರು?

2016ರಲ್ಲಿ ದಿಲ್ಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಫಾಶಿ ಕೈದಿಗಳನ್ನು ಕಂಡು ವರದಿ ಬರೆದರು. ನಾಲ್ವರಲ್ಲಿ ಸುಮಾರು ಮೂವರು ಬಡ ಕುಟುಂಬದವರೆಂದು ಅದರಲ್ಲಿದೆ. ಬಡವರೇ ಹೆಚ್ಚು ಕ್ರೂರರೇ? ಇಲ್ಲ. ಒಳ್ಳೆಯ ವಕೀಲನನ್ನು ಮೊದಲ ದಿನವೇ ಹಿಡಿಯಲು ಅವರಲ್ಲಿ ದುಡ್ಡಿಲ್ಲ. ಕೆಳಗಿನ ಕೋರ್ಟಿನಲ್ಲಿ ಕೇಳದೆ ಬಿಟ್ಟ ಒಂದು ಪಾಟೀ ಸವಾಲು ಮೇಲಿನ ಕೋರ್ಟಿನಲ್ಲಿ ಮರಳಿ ಸಿಗುವುದು ದುರ್ಲಭ.

ಹಾಗಾದರೆ ಸತ್ತವರ ಮನೆಯವರಿಗೆ ನ್ಯಾಯ ಬೇಡವೇ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ನಾನೂ ಅದನ್ನೇ ಕೇಳುತ್ತೇನೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಕಾಯದೆ ಪುಸ್ತಕದಲ್ಲಿ ಫಾಶಿ ಇರಲಿಲ್ಲವೇ? ಇತ್ತು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಏಕೆಂದರೆ ಸಾಕ್ಷಿಗಳು ಒಡೆದಿದ್ದರು. ಅದೇ ಊರಿನಲ್ಲಿ, ಅದೇ ಮಂದಿಯ ನಡುವೆ ನಾಳೆ ಬಾಳಬೇಕಾದ ಕೂಲಿಯವನು ಕಟಕಟೆಯಲ್ಲಿ ನಿಂತು ಧೈರ್ಯದಿಂದ ಹೇಳಬೇಕಾದರೆ ಅವನ ಬೆನ್ನಿಗೆ ಸರಕಾರ ನಿಲ್ಲಬೇಕು. ಡಾ. ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದದ್ದು 2015ರ ಆಗಸ್ಟ್ 30ರಂದು; ಆರೋಪ ಪಟ್ಟಿ ಕೋರ್ಟಿಗೆ ಬಂದದ್ದು 2019ರಲ್ಲಿ. ಕೊಲೆಗಾರನಿಗೆ ಅಂಜಿಕೆ ಹುಟ್ಟುವುದು ತಾನು ಖಂಡಿತ ಸಿಕ್ಕಿಬೀಳುತ್ತೇನೆ ಎಂಬುದರಿಂದ. ಹಿಡಿಯಲಾರದ, ಸಾಕ್ಷಿಯನ್ನು ಕಾಯಲಾರದ ಸರಕಾರವೇ ಗಲ್ಲಿನ ಮಾತನ್ನು ಗಟ್ಟಿಯಾಗಿ ಆಡುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಮೂಲದ ಕೆಲಸ ಹಾಗೆಯೇ ಉಳಿಯುತ್ತದೆ.

ಕೊನೆಗೆ ನಮ್ಮ ಕೈಯಲ್ಲಿರುವ ಕೆಲಸದ ಮಾತು. ಊರಲ್ಲಿ ಏನಾದರೂ ಘಟಿಸಿದರೆ ಪೋಲೀಸರು ಪಂಚರೆಂದು ಕರೆಯುವುದು ಯಾರನ್ನು? ಕೂಗಿದರೆ ಬರುವ ಅಂತರದಲ್ಲಿರುವ ಅಂಗಡಿಯವನನ್ನು, ಪಾಳಿ ಮುಗಿಸಿ ಮನೆಗೆ ಹೊರಟ ಕೂಲಿಕಾರನನ್ನು. 'ಇಲ್ಲೊಂದು ಸಹಿ ಹಾಕು' ಎನ್ನುತ್ತಾರೆ. ಗೋಜು ಬೇಡವೆಂದು ಹಾಕುತ್ತೇವೆ. ಆ ಪಂಚನಾಮೆಯ ಮೇಲೆ ಒಬ್ಬನ ಕುತ್ತಿಗೆ ನಿಂತಿರುತ್ತದೆ ಎಂಬುದನ್ನು ಮರೆಯಬೇಡಿರಿ. ಸುಳ್ಳು ಪಂಚನಾಮೆ ನಿರಪರಾಧಿಯನ್ನು ಸಿಕ್ಕಿಸುತ್ತದೆ; ಕೋರ್ಟಿನಲ್ಲಿ 'ನಾನು ನೋಡಿಲ್ಲ, ಬರೀ ಸಹಿ ಹಾಕಿದೆ' ಎಂದಾಗ ಅದೇ ಕಾಗದ ಅಪರಾಧಿಯನ್ನು ಬಿಡಿಸುತ್ತದೆ. ಕಣ್ಣಿಂದ ನೋಡದೆ, ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿರಿ. ಖಾಲಿ ಹಾಳೆಯ ಮೇಲಂತೂ ಬೇಡವೇ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯದೆಯಲ್ಲಿ ಶೋಧ ಮತ್ತು ಜಪ್ತಿಯ ಚಿತ್ರೀಕರಣ ಮಾಡಲೇಬೇಕೆಂದಿದೆ. ಎಲ್ಲಿ ಮಾಡುತ್ತಿದ್ದೀರಿ ಎಂದು ಕೇಳಿರಿ.

ನಿಮ್ಮ ಓಣಿಯ ಯಾರನ್ನಾದರೂ ಹಿಡಿದೊಯ್ದರೆ, ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೆಯ ಕಲಮು. ಯಾರ ಔದಾರ್ಯವೂ ಅಲ್ಲ. ವಕೀಲನಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿರಿ. 1987ರ ಕಾಯದೆಯ ಪ್ರಕಾರ ಬಂಧನದಲ್ಲಿರುವವನಿಗೆ ಉಚಿತ ವಕೀಲನ ಹಕ್ಕಿದೆ. ನಿಮ್ಮ ಸಂಘದಿಂದ ಇಬ್ಬರು ಅವನ ಮನೆಯವರ ಜೊತೆಗೆ ಹೋಗಿರಿ, ಒಬ್ಬಂಟಿಯಾಗಿ ಹೆಂಗಸರನ್ನು ಠಾಣೆಗೆ ಕಳಿಸಬೇಡಿರಿ.

ಮತ್ತು ಸಾಕ್ಷಿ ಹೇಳಲು ಕರೆ ಬಂದ ದಿನ ನಮ್ಮವನೊಬ್ಬ ಕೂಲಿ ಕಳೆದುಕೊಂಡು ಬೈಲಹೊಂಗಲದ ಕೋರ್ಟಿಗೆ ಹೋಗಬೇಕಾದರೆ, ಅವನ ಆ ದಿನದ ಕೂಲಿಯನ್ನು ನಾವೆಲ್ಲ ಕೂಡಿ ತುಂಬಿಕೊಡೋಣ. ಈ ಸಭೆ ಮುಗಿಯುವ ಮುನ್ನ ಅಂಥದೊಂದು ನಿಧಿಗೆ ಒಪ್ಪಿಗೆ ಕೊಡಬೇಕೆಂದು ನಿಮ್ಮನ್ನು ಕೇಳಿಕೊಂಡು, ನನ್ನ ಮಾತು ಮುಗಿಸುತ್ತೇನೆ.