ನಾಣ್ಯ ಚಿಮ್ಮುವ ಲೆಕ್ಕ



ಪಕ್ಕದ ಮನೆಯ ಹುಡುಗಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಹಣಕಾಸು ಮಾರುಕಟ್ಟೆಯ ಲೆಕ್ಕಾಚಾರದ ಕೆಲಸಕ್ಕೆ ತಯಾರಾಗುತ್ತಿದ್ದಾಳೆ. ಮೊನ್ನೆ ಜಗಲಿಯಲ್ಲಿ ಕೂತು ರೂಪಾಯಿ ನಾಣ್ಯ ಚಿಮ್ಮುತ್ತಿದ್ದಳು. ಹೆಡ್ ಬಿದ್ದರೆ ನೋಟ್‌ಬುಕ್ಕಿನಲ್ಲಿ ಒಂದು ಮನೆ ಮೇಲೆ, ಟೇಲ್ ಬಿದ್ದರೆ ಕೆಳಗೆ. "100 ಸಲ ಚಿಮ್ಮಿದರೆ ಸುಮಾರು 10 ಮನೆ ದೂರ ಹೋಗ್ತೀವಿ ಅಂಕಲ್, 400 ಸಲಕ್ಕೆ 40 ಅಲ್ಲ, 20" ಅಂದಳು. ವರ್ಗಮೂಲದ ಆಟ!

ಪ್ಯಾರಿಸ್ಸಿನ ಲೂಯಿ ಬಷೆಲಿಯೆ 1900ರಲ್ಲೇ ಪೇಟೆಯ ಬೆಲೆಗಳ ಏರಿಳಿತವನ್ನು ಹೀಗೆ ನಾಣ್ಯ ಚಿಮ್ಮಿದಂತೆ ಲೆಕ್ಕಕ್ಕೆ ತಂದಿದ್ದ. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. ಇದೇ ಬಗೆಯ ಲೆಕ್ಕದಿಂದ ಆಪ್ಷನ್‌ಗೆ, ಅಂದರೆ ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವ ಹೆಸರಾಂತ ಸೂತ್ರ ಪ್ರಕಟವಾದದ್ದು 1973ರಲ್ಲಿ. ಆ ಕೆಲಸಕ್ಕಾಗಿ ಅರ್ಥಶಾಸ್ತ್ರಜ್ಞರಾದ ಮರ್ಟನ್, ಶೋಲ್ಸ್ ಇಬ್ಬರಿಗೂ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮರುವರ್ಷವೇ ರಷ್ಯಾ ಸಾಲ ತೀರಿಸಲಾಗದೆ ಕೈಯೆತ್ತಿತು, ಪೇಟೆಗಳು ಅದುರಿದವು. ಇವರಿಬ್ಬರೂ ಪಾಲುದಾರರಾಗಿದ್ದ ಎಲ್‌ಟಿಸಿಎಂ ಎಂಬ ಹೂಡಿಕೆ ನಿಧಿ ಮುಳುಗುವ ಹಂತಕ್ಕೆ ಬಂತು. ಅದನ್ನು ಎತ್ತಿ ನಿಲ್ಲಿಸಲು 14 ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಸುರಿಯಬೇಕಾಯಿತು. ನಾಣ್ಯದ ಲೆಕ್ಕ ಪೇಟೆಗೆ ಪೂರ್ತಿ ಹೊಂದುವುದಿಲ್ಲ: ನಾಣ್ಯಕ್ಕೆ ಭಯವಿಲ್ಲ, ಪೇಟೆಯಲ್ಲಿರುವುದು ಮನುಷ್ಯರು, ಒಬ್ಬರು ಓಡಿದರೆ ಎಲ್ಲರೂ ಓಡುತ್ತಾರೆ.

ಪಕ್ಕದ ಮನೆಯ ಹುಡುಗಿಯಂತೆ ಈ ದಾರಿ ಹಿಡಿಯುವ ಮಕ್ಕಳೇ, ಸಂಭವನೀಯತೆ, ಸಂಖ್ಯಾಶಾಸ್ತ್ರ, ಪೈಥಾನ್ ಎಲ್ಲವನ್ನೂ ಕಲಿಯಿರಿ. ಜೊತೆಗೆ 1998ರ ಈ ಕಥೆಯನ್ನೂ ಒಮ್ಮೆ ಪೂರ್ತಿ ಓದಿ.