ನೋಡಿಕೊಳ್ಳುವವಳಿಗೆ ಜ್ವರ ಬಂದರೆ

(ಶಾಲಾ ಸಂಘದ ವಾರ್ಷಿಕೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡ ನಿಧಿಯ ಲೆಕ್ಕವನ್ನೂ ಓದುವುದು ವಾಡಿಕೆ. ಅವೆರಡನ್ನೂ ವರದಿಯಲ್ಲಿ ಅಚ್ಚು ಹಾಕಿಸಿ ತಮ್ಮ ಕೈಗೆ ಕೊಟ್ಟಿರುವುದರಿಂದ ಮತ್ತೆ ಓದಿ ತಮ್ಮ ತಾಳ್ಮೆಯನ್ನು ಪರೀಕ್ಷಿಸಲಾರೆನು. ಅದಕ್ಕೆ ಬದಲಾಗಿ, 2020ನೆಯ ಇಸವಿಯಲ್ಲಿ ಕೋವಿಡ್ ಎಂಬ ಮಹಾಮಾರಿಯು ನಮ್ಮ ಕಾಸರಗೋಡು ಸೀಮೆಯನ್ನು ಹೊಕ್ಕಾಗ ಅಂಗವಿಕಲರಿರುವ ಮನೆಗಳಲ್ಲಿ ಏನು ನಡೆಯಿತು, ಅವರಿಗಾಗಿ ಊರು ಏನು ಮಾಡಿತು, ಏನನ್ನು ಮಾಡದೆ ಬಿಟ್ಟಿತು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ಅಧ್ಯಕ್ಷರ ಅಪ್ಪಣೆಯನ್ನು ಬೇಡಿದ್ದೇನೆ. ಹಳೆಯ ಕಥೆಯನ್ನು ಈಗೇಕೆ ಕೆದಕುವುದೆಂದು ಕೆಲವರಿಗೆ ತೋರಬಹುದು. ಮುಂದಿನ ಸಾಲುಗಳಲ್ಲಿ ಕುಳಿತಿರುವ ಚಿಕ್ಕ ಮಕ್ಕಳಿಗೆ ಆ ದಿನಗಳ ನೆನಪೇ ಇಲ್ಲ; ದೊಡ್ಡವರಾದ ನಾವಾದರೋ ಮರೆಯುವ ಅವಸರದಲ್ಲಿದ್ದೇವೆ. ಮಾತನಾಡುವುದಕ್ಕೆ ಇಷ್ಟೇ ಕಾರಣ ಸಾಕು.

ಮಕ್ಕಳೇ, ಭಾರತದಲ್ಲಿ ಈ ರೋಗವು ಮೊತ್ತಮೊದಲು ಪತ್ತೆಯಾದುದು 2020ರ ಜನವರಿ 30ರಂದು, ತೃಶ್ಶೂರಿನಲ್ಲಿ. ನಾಲ್ಕೇ ದಿನ ಕಳೆದು, ಫೆಬ್ರವರಿ 3ರಂದು, ದೇಶದ ಮೂರನೆಯ ರೋಗಿಯು ನಮ್ಮ ಜಿಲ್ಲೆಯಲ್ಲಿಯೇ ಕಂಡುಬಂದನು. ಮಾರ್ಚ್ 25ರಿಂದ ಇಡೀ ದೇಶವು 21 ದಿನಗಳ ಮಟ್ಟಿಗೆ ಬಾಗಿಲು ಮುಚ್ಚಿತು. ಆ ದಿನಗಳು ಬೆಳೆದು ತಿಂಗಳುಗಳಾದುವು. ಆಗ ಎಲ್ಲರಿಗೂ ಹೇಳಲ್ಪಟ್ಟ ನಿಯಮಗಳು ಸರಳವಾಗಿದ್ದುವು: ಮನೆಯೊಳಗಿರಿ, ಆರಡಿ ದೂರವಿರಿ, ಬಾಯಿ ಮೂಗುಗಳನ್ನು ಮುಚ್ಚಿರಿ, ಕಂಡಕಂಡುದನ್ನು ಮುಟ್ಟಬೇಡಿರಿ. ನಿಯಮಗಳು ಸರಿಯಾದುವೇ. ಆದರೆ ಅವನ್ನು ಬರೆದವರು ತಮ್ಮ ಕೈಯಿಂದ ತಾವೇ ಉಣ್ಣಬಲ್ಲವರು. ಕಣ್ಣು ಕಾಣದವನಿಗೆ ಲೋಕವೇ ಸ್ಪರ್ಶ. ಅವನು ಮುಟ್ಟದೆ ಹೇಗೆ ನಡೆದಾನು? ಕಿವಿ ಕೇಳದವನು ಎದುರಿನವರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವನು. ಎಲ್ಲರೂ ತುಟಿಯನ್ನು ಮುಚ್ಚಿಕೊಂಡ ದಿನ ಅವನ ಪಾಲಿಗೆ ಊರೇ ಮೂಕವಾಯಿತು. ಇನ್ನು ಹಾಸಿಗೆಯಿಂದ ಏಳಲಾರದವನನ್ನು ಆರಡಿ ದೂರದಿಂದ ಮಗ್ಗುಲಿಗೆ ಹೊರಳಿಸುವ ವಿದ್ಯೆಯನ್ನು ಯಾರೂ ಕಂಡುಹಿಡಿದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇಂತಹ ಮನೆಗಳು ಹೆಚ್ಚಾಗಿರುವುದಕ್ಕೆ ಕಾರಣವನ್ನು ತಾವೆಲ್ಲರೂ ಬಲ್ಲಿರಿ. 1970ರ ದಶಕದ ಕಡೆಯಿಂದ 2000ನೆಯ ಇಸವಿಯವರೆಗೆ ಸರಕಾರಿ ನಿಗಮದ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಮುಂತಾದ ಕನ್ನಡ ತುಳು ಮನೆಮಾತಿನ ಹಳ್ಳಿಗಳಲ್ಲಿ ಗುಡ್ಡೆಯ ಮೇಲಿನ ಆ ವಿಷವು ಕೆಳಗಿನ ತೋಡಿಗೂ ಬಾವಿಗೂ ಇಳಿಯಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. 2017ರ ಜನವರಿ 10ರಂದು, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು. ಮೂರು ತಿಂಗಳೆಂಬುದು ಎಷ್ಟು ದೀರ್ಘವಾಯಿತೆಂದರೆ, 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ 8 ಮಂದಿಗೆ ಮಾತ್ರ ಹಣ ಸಂದಿತ್ತು. ಉಳಿದ ಹೆಚ್ಚಿನವರಿಗೆ ತಲಪಿದುದು ಆ ಬಳಿಕವೇ. ಅಂದರೆ ಮಹಾಮಾರಿಯ ಆ ಎರಡು ವರ್ಷಗಳನ್ನು ನಮ್ಮ ಈ ಮನೆಗಳು ಬರಿಗೈಯಲ್ಲಿಯೇ ದಾಟಬೇಕಾಯಿತು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ತಾವು ಕ್ಷಮಿಸಬೇಕು.

ಅದರ ಮೇಲೆ ಗಡಿಯ ಸಂಕಟವೊಂದು ಸೇರಿಕೊಂಡಿತು. ನಮಗೆ ಆಡಳಿತ ಒಂದು ಕಡೆಯದು, ಮನೆಮಾತು ಇನ್ನೊಂದು ಕಡೆಯದು. ಆಸ್ಪತ್ರೆಯೆಂದರೆ ಮೊದಲಿನಿಂದಲೂ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯೇ ಮೊದಲಾದ ಗಡಿಯ ದಾರಿಗಳು ಮುಚ್ಚಲ್ಪಟ್ಟುವು. ಕೆಲವೆಡೆ ರಸ್ತೆಯ ಮೇಲೆ ಮಣ್ಣಿನ ರಾಶಿ ಬಿದ್ದಿತು. ಚಿಕಿತ್ಸೆಗೆ ಹೋಗಲಾರದೆ ಹಲವರು ಅಸುನೀಗಿದರೆಂದು ಪತ್ರಿಕೆಗಳು ವರದಿಮಾಡಿದುವು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ತಡೆಗಳನ್ನು ತೆಗೆಯಿಸಬೇಕೆಂದು ಆಜ್ಞೆಮಾಡಿತು. ವಿಷಯವು ಸುಪ್ರೀಂ ಕೋರ್ಟಿಗೂ ಹೋಗಿ, ರೋಗಿಗಳನ್ನು ದಾಟಿಸುವ ಕ್ರಮವೊಂದು ಏಪ್ರಿಲ್ 7ರ ಹೊತ್ತಿಗೆ ಗೊತ್ತಾಯಿತು. ಎರಡು ವಾರಗಳ ಮಾತು ಎಂದು ಹೇಳಿಬಿಡಬಹುದು. ಆದರೆ ಅಪಸ್ಮಾರದ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳೆತಗಳು ಮರುಕಳಿಸುವುದಕ್ಕೆ ಎರಡು ವಾರ ಬೇಕಾಗಿಲ್ಲ.

ಊರು ಏನನ್ನೂ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕುಟುಂಬಶ್ರೀಯ ಹೆಂಗಸರು ಪಂಚಾಯತಿನ ಸಮುದಾಯ ಅಡಿಗೆಮನೆಗಳಲ್ಲಿ ಬೇಯಿಸಿದ ಊಟವು ಮನೆಬಾಗಿಲಿಗೆ ಬಂದಿತು. ಪಡಿತರ ಬಂದಿತು, ಪಿಂಚಣಿಯನ್ನು ಸಹಕಾರಿ ಬ್ಯಾಂಕಿನವರು ಮನೆಗೇ ತಂದುಕೊಟ್ಟರು. ಬೆಂಕಿ ನಂದಿಸುವ ದಳದವರು ಔಷಧಗಳನ್ನು ಊರಿಂದೂರಿಗೆ ಸಾಗಿಸಿದುದನ್ನು ಕೇಳಿ ನಮ್ಮ ಹುಡುಗರು ಬೆರಗಾದರು. ಕೇರಳದಲ್ಲಿ 2008ರಲ್ಲಿಯೇ ಸಾಂತ್ವನ ಚಿಕಿತ್ಸೆಯ ನೀತಿಯೊಂದು ರೂಪುಗೊಂಡು, ಹಾಸಿಗೆ ಹಿಡಿದವರನ್ನು ಮನೆಗೆ ಬಂದು ನೋಡುವ ದಾದಿಯರ ಏರ್ಪಾಡು ಪಂಚಾಯತುಗಳಲ್ಲಿ ಬೇರೂರಿದ್ದುದು ಆಗ ಎಷ್ಟು ಉಪಕಾರಕ್ಕೆ ಬಂದಿತೆಂಬುದನ್ನು ಅನುಭವಿಸಿದವರೇ ಬಲ್ಲರು. ನಮ್ಮ ಶಾಲೆಯವರೂ ಅಲ್ಪ ಸೇವೆ ಸಲ್ಲಿಸಿದೆವು: ಫೋನಿಗೆ ಬರುತ್ತಿದ್ದ ಸೂಚನೆಗಳು ಹೆಚ್ಚಾಗಿ ಮಲೆಯಾಳದಲ್ಲಿದ್ದುದರಿಂದ, ಅವನ್ನು ಕನ್ನಡಕ್ಕೆ ತಿರುಗಿಸಿ ಪೋಷಕರಿಗೆ ಕಳುಹಿಸುತ್ತಿದ್ದೆವು. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದ್ದಿತು. ಹೆಮ್ಮೆಯು ಹೇಗೆ ಇಳಿಯಿತೆಂಬುದನ್ನು ಈಗ ಹೇಳುವೆನು.

ಆಗ್ಗೆ ನಾನು ಎಂಟನೆಯ ತರಗತಿಯ ಅಧ್ಯಾಪಕನಾಗಿದ್ದೆನು. ಪಾಠಗಳೆಲ್ಲ ಫೋನಿನ ಮೂಲಕ ನಡೆಯುತ್ತಿದ್ದುವು. ಹಾಜರಿ ಹಿಡಿಯುವುದರಲ್ಲಿ ನಾನು ಬಿಗಿ. ಅದು ತಮಗೆ ತಿಳಿದದ್ದೇ. ಆ ವರ್ಷದ ಅಕ್ಟೋಬರಿನಲ್ಲಿ ಒಬ್ಬ ಹುಡುಗಿ ಒಂಬತ್ತು ದಿನ ಪಾಠಕ್ಕೆ ಬರಲಿಲ್ಲ. ನಾನು ಕರೆದರೆ ಫೋನನ್ನು ಎತ್ತಲೂ ಇಲ್ಲ. ಹತ್ತನೆಯ ದಿನ ಎತ್ತಿದಾಗ, ಫೋನು ಕೈಗೆ ಬಂದ ಮೇಲೆ ಆಟವೇ ಹೆಚ್ಚಾಯಿತೇ ಎಂದು ಕಟುವಾಗಿ ಕೇಳಿದೆನು. ಅವಳು “ಇಲ್ಲ ಸರ್” ಎಂದಳು. ಅಷ್ಟೆ. ಮತ್ತೇನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಿಷಯ ತಿಳಿದುದು ಎರಡು ವಾರಗಳ ಮೇಲೆ, ಆಶಾ ಕಾರ್ಯಕರ್ತೆಯೊಬ್ಬರಿಂದ. ಆ ಮನೆಯಲ್ಲಿ ಹತ್ತೊಂಬತ್ತು ವರ್ಷದ ಅಣ್ಣನಿದ್ದಾನೆ. ಹುಟ್ಟಿದಂದಿನಿಂದ ನಡೆದವನಲ್ಲ, ಮಾತಾಡಿದವನಲ್ಲ. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು ಬರಲಾರದೆ ಹೋದನು. ತಾಯಿಗೆ ರೋಗವೆಂದು ಗೊತ್ತಾಯಿತು. ಮನೆಯಲ್ಲಿ ಬೇರೆ ಕೋಣೆಯೂ ಬೇರೆ ಶೌಚಾಲಯವೂ ಇಲ್ಲದವರನ್ನು ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯುವುದು ಅಂದಿನ ಕ್ರಮ, ಆಕೆಯನ್ನೂ ಕರೆದೊಯ್ದರು. ಉಳಿದವರಿಗೂ ರೋಗ ತಗಲಿರಬಹುದೆಂದು ಮನೆಯನ್ನು ಪ್ರತ್ಯೇಕವಾಗಿರಿಸಿದರು. ನೆರೆಯವರು ಒಳ್ಳೆಯವರೇ, ಗಂಜಿಯನ್ನೂ ಪಲ್ಯವನ್ನೂ ತಂದು ತೆಣೆಯ ಮೇಲೆ ಇಟ್ಟು ಹೋಗುತ್ತಿದ್ದರು. ಒಳಗೆ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಅವರನ್ನು ದೂರಲು ನಾನು ಯಾರು? ನಾನೂ ಅಂದು ಹೋಗುತ್ತಿರಲಿಲ್ಲವೆಂದೇ ತೋರುತ್ತದೆ.

ಹಾಗಾಗಿ ಹದಿಮೂರು ವರ್ಷದ ಆ ಹುಡುಗಿಯೊಬ್ಬಳೇ ತನಗಿಂತ ಭಾರವಾದ ಅಣ್ಣನನ್ನು ಹನ್ನೊಂದು ದಿನ ನೋಡಿಕೊಂಡಳು. ಚಲನೆಯಿಲ್ಲದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿಯೂ ಸೊಂಟದಲ್ಲಿಯೂ ಹುಣ್ಣುಗಳು ಏಳುವುವು. ಇದನ್ನು ಅವಳಿಗೆ ಹೇಳಿಕೊಟ್ಟವಳು ತಾಯಿ. ರಾತ್ರಿಯೂ ಏಳಬೇಕಲ್ಲವೇ? ಮನೆಯಲ್ಲಿದ್ದ ಒಂದೇ ಫೋನಿನಲ್ಲಿ ಎರಡೆರಡು ಗಂಟೆಗೆ ಎಚ್ಚರಿಕೆಯ ಗಂಟೆಯನ್ನು ತೀರ ಮೆಲ್ಲಗಿರಿಸಿ, ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಪಾಠದ ದನಿಗೋ ಕರೆಯ ಸದ್ದಿಗೋ ಅಣ್ಣನು ಬೆಚ್ಚಿಬಿದ್ದು ಸೆಳೆತಕ್ಕೆ ತುತ್ತಾಗುತ್ತಿದ್ದನಂತೆ. ಆದುದರಿಂದ ಉಳಿದ ಸದ್ದುಗಳನ್ನೆಲ್ಲ ಅಡಗಿಸಿದ್ದಳು. ನನ್ನ ಹಾಜರಿ ಪುಸ್ತಕದಲ್ಲಿ ಬಿದ್ದ ಒಂಬತ್ತು ಸೊನ್ನೆಗಳ ಅರ್ಥ ಇದು. ಅವಳ ಗಂಜಿಗೆ ಕೊರತೆಯಾಗಲಿಲ್ಲ, ಅಕ್ಕಿಗೆ ಕೊರತೆಯಾಗಲಿಲ್ಲ. ಬೇಕಾಗಿದ್ದುದು ಇನ್ನೊಂದು ಜೊತೆ ಕೈ. ಅದು ಯಾವ ಚೀಲದಲ್ಲಿಯೂ ಬರಲಿಲ್ಲ.

ನಾನು ಆ ಮನೆಗೆ ಹೋದೆನು. ತಾಯಿ ಮರಳಿದ್ದಳು, ಬಹಳ ಬಳಲಿದ್ದಳು. ಕ್ಷಮೆ ಕೇಳಬೇಕೆಂದು ಹೋದವನಿಗೆ ಚಹಾ ಕೊಟ್ಟರು. ಹುಡುಗಿ ಒಳಗಿನಿಂದ ಬರಲಿಲ್ಲ.

ಬಂಧುಗಳೇ, ಕಾನೂನು ಇಂತಹವರನ್ನು ಮರೆತಿರಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 8ನೆಯ ಪ್ರಕರಣವು ವಿಪತ್ತಿನ ಕಾಲದಲ್ಲಿ ಅವರಿಗೆ ಸಮಾನವಾದ ರಕ್ಷಣೆಯಿರಬೇಕೆಂದು ವಿಧಿಸುತ್ತದೆ. 2020ರ ಮಾರ್ಚ್ 26ರಂದು, ಎಂದರೆ ದೇಶವು ಬಾಗಿಲು ಮುಚ್ಚಿದ ಮಾರನೆಯ ದಿನವೇ, ಕೇಂದ್ರದ ಅಂಗವಿಕಲರ ಇಲಾಖೆಯು ರಾಜ್ಯಗಳಿಗೆ ಕಳುಹಿಸಿದ ಸೂಚನೆಯಲ್ಲಿ, ಆರೈಕೆಮಾಡುವವರಿಗೆ ಓಡಾಟದ ನಿರ್ಬಂಧಗಳಿಂದ ವಿನಾಯಿತಿ ಕೊಡಬೇಕೆಂದೂ ಪಾಸುಗಳನ್ನು ಸುಲಭವಾಗಿ ಒದಗಿಸಬೇಕೆಂದೂ ಬರೆಯಲಾಗಿತ್ತು. ಪಾಸಿನಿಂದ ದಾರಿ ತೆರೆಯುವುದು ನಿಜ. ಆದರೆ ಬರತಕ್ಕ ಮನುಷ್ಯನೇ ಇಲ್ಲದಿದ್ದರೆ ಪಾಸನ್ನು ಯಾರ ಹೆಸರಿಗೆ ಬರೆಯುವುದು? ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಂದು ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯಿದ್ದು, ಅಂದು ಅದರ ಮೊತ್ತ ತಿಂಗಳಿಗೆ 600 ರೂಪಾಯಿ. ದಿನಕ್ಕೆ ಎಷ್ಟಾಯಿತೆಂದು ಐದನೆಯ ತರಗತಿಯವರು ಭಾಗಿಸಿ ಹೇಳಬಲ್ಲರು. ಲಸಿಕೆಯನ್ನು ಅಂಗವಿಕಲರ ಮನೆಗೇ ಹೋಗಿ ಹಾಕಬಹುದೆಂದು ಕೇಂದ್ರವು ಪ್ರಕಟಿಸಿದುದು 2021ರ ಸೆಪ್ಟೆಂಬರಿನಲ್ಲಿ. ಲಸಿಕೆ ಆರಂಭವಾಗಿ ಆಗ ಎಂಟು ತಿಂಗಳು ಕಳೆದಿತ್ತು.

ಸರಕಾರದ ಕೆಲಸವನ್ನು ಶಾಲೆ ಮಾಡಲಾರದು, ಮಾಡಲೂಬಾರದು. ನಮ್ಮಿಂದ ಆಗುವುದು ಸಣ್ಣದು. ಈ ವರ್ಷ ನಾವು ಎರಡು ಪುಸ್ತಕಗಳನ್ನು ತೆರೆದಿದ್ದೇವೆ. ಮೊದಲನೆಯದರಲ್ಲಿ ಮೂರೇ ಪ್ರಶ್ನೆಗಳು: ಮನೆಯಲ್ಲಿ ಇನ್ನೊಬ್ಬರ ಕೈ ಹಿಡಿದೇ ಬದುಕುವವರು ಯಾರಿದ್ದಾರೆ? ಅವರನ್ನು ನೋಡಿಕೊಳ್ಳುವವರು ಯಾರು? ನೋಡಿಕೊಳ್ಳುವವರಿಗೆ ಜ್ವರ ಬಂದರೆ ಬರುವವರು ಯಾರು? ಮೊದಲೆರಡಕ್ಕೆ ಉತ್ತರ ಬೇಗನೆ ಬಂದಿತು. ಎರಡನೆಯ ಪ್ರಶ್ನೆಗೆ ಹೆಚ್ಚುಕಡಮೆ ಎಲ್ಲರೂ ಬರೆದುದು “ತಾಯಿ” ಎಂದೇ. ಮೂರನೆಯದರ ಎದುರು ಎಷ್ಟೋ ಪುಟಗಳು ಖಾಲಿ ಬಿದ್ದಿವೆ.

ಕೆಲವರು ಮನೆಯ ಮಗುವಿನ ಹೆಸರನ್ನು ಬರೆಯಿಸಲು ಹಿಂಜರಿಯುವರು. ಇನ್ನೊಬ್ಬ ಮಗಳ ಮದುವೆಗೆ ತೊಡಕಾದೀತೆಂಬ ಅಂಜಿಕೆ. ಆ ಅಂಜಿಕೆಯನ್ನು ನಾನು ಹಳಿಯುವುದಿಲ್ಲ. ನೂರು ಭಾಷಣಗಳಿಂದ ಅದು ಹೋಗುವಂತಹುದಲ್ಲ. ಆದುದರಿಂದ ಆ ಪುಸ್ತಕವು ನನ್ನ ಕಪಾಟಿನಲ್ಲಿ ಬೀಗದೊಳಗಿರುವುದು. ಮನೆಯವರ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸುವುದಿಲ್ಲ.

ತಾಯಂದಿರಲ್ಲಿ ಇನ್ನೊಂದು ವಿಜ್ಞಾಪನೆ. ತಮ್ಮ ಮಗುವಿನ ವಿಷಯವಾಗಿ ತಮಗೊಬ್ಬರಿಗೇ ತಿಳಿದಿರುವ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಗುಳಿಗೆಯ ಹೆಸರು, ಪ್ರಮಾಣ, ಹೊತ್ತು. ಗಂಜಿ ಎಷ್ಟು ತೆಳುವಾಗಿರಬೇಕು. ಉಣಿಸುವಾಗ ತಲೆಯನ್ನು ಎಷ್ಟು ಎತ್ತಬೇಕು. ಯಾವ ಸದ್ದಿಗೆ ಹೆದರುವನು. ಹಸಿವಾದರೆ ಹೇಗೆ ತಿಳಿಸುವನು. ತಾವು ಇಪ್ಪತ್ತು ವರ್ಷಗಳಲ್ಲಿ ಕಲಿತುದನ್ನು ಹೊಸಬರು ಒಂದು ರಾತ್ರಿಯಲ್ಲಿ ಊಹಿಸಲಾರರು. ಬರೆಯಲು ಬಾರದವರು ಹೇಳಿದರೆ ನಮ್ಮ ಒಂಬತ್ತನೆಯ ತರಗತಿಯವರು ಬರೆದುಕೊಡುವರು; ಅಕ್ಷರ ದುಂಡಾಗಿರಬೇಕೆಂದು ಅವರಿಗೆ ತಾಕೀತು ಮಾಡಿದ್ದೇನೆ.

ಎರಡನೆಯ ಪುಸ್ತಕವು ತೆರೆದೇ ಇದೆ. ಅದು, ಇಂತಹ ಸಮಯ ಒದಗಿದರೆ ಆ ಮನೆಯೊಳಗೆ ಹೋಗಿ ಇರಲು ಒಪ್ಪುವ ದೊಡ್ಡವರ ಹೆಸರುಗಳಿಗಾಗಿ. ಮಕ್ಕಳು ಬರೆಯಕೂಡದು. ಹೋಗುವುದೆಂದರೆ ತೆಣೆಯ ಮೇಲೆ ಪಾತ್ರೆಯನ್ನಿಟ್ಟು ಬರುವುದಲ್ಲ. ಮುಖಗವಸನ್ನೂ ಕೈಗವಸನ್ನೂ ಧರಿಸಿ ಒಳಗಿರುವುದು, ಅವಧಿ ಮುಗಿಯುವವರೆಗೆ ಹೊರಬಾರದಿರುವುದು. ಮುಂಚಿತವಾಗಿಯೇ ಹೋಗಿ ಆ ಮನೆಯವರ ಪರಿಚಯ ಮಾಡಿಕೊಂಡು, ಎತ್ತುವುದನ್ನೂ ಹೊರಳಿಸುವುದನ್ನೂ ಕಲಿತಿರಬೇಕು. ಕಲಿಸಿಕೊಡಲು ಸಾಂತ್ವನ ವಿಭಾಗದ ದಾದಿಯೊಬ್ಬರು ಒಪ್ಪಿದ್ದಾರೆ. ಯೋಚಿಸದೆ ಯಾರೂ ಬರೆಯಬೇಡಿರಿ. ನಾನು ಬರೆದಿದ್ದೇನೆ, ಆದರೆ ನನ್ನ ಹೆಸರು ಮೊದಲನೆಯದಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟ ದಿನವೇ ಆ ಹುಡುಗಿಯ ತಾಯಿ ಬಂದು, ಎಷ್ಟು ಭಾರದವರಾದರೂ ತಾನು ಹೊರಳಿಸಬಲ್ಲೆನೆಂದು ಹೇಳಿ ಹೆಸರು ಬರೆದು ಹೋದಳು.

ಪುಸ್ತಕವು ಕಚೇರಿಯ ಮೇಜಿನ ಮೇಲಿದೆ. ಊಟದ ಗಂಟೆ ಬಾರಿಸುವುದಕ್ಕೆ ಇನ್ನೂ ಅರ್ಧ ತಾಸಿದೆ. ಲೇಖನಿಯಲ್ಲಿ ಶಾಯಿ ಮುಗಿದಿದ್ದರೆ ಗುಮಾಸ್ತರನ್ನು ಕೇಳಿರಿ.